ಗೋಡೆಗೆ ಮುಖ ಮಾಡಿ ನಿಂತ ಆಟಗಾರ: ಹಾಸನದ ಒಂದು ಚೆಸ್ ಪ್ರಕರಣ

ಹಾಸನದಲ್ಲಿ ನಡೆದ ಒಂದು ದಿನದ ಮುಕ್ತ ರ‍್ಯಾಪಿಡ್ ಚೆಸ್ ಟೂರ್ನಿಯ ಐದನೆಯ ಸುತ್ತಿನಲ್ಲಿ ಹಿರಿಯ ಆಟಗಾರರೊಬ್ಬರ ವಿರುದ್ಧ ದೂರು ಬಂತು. ಅದೇ ಸುತ್ತಿನಲ್ಲಿ, ಎರಡು ಮೇಜುಗಳ ಆಚೆ, ಇನ್ನೊಬ್ಬ ಆಟಗಾರನ ಮೇಲೆ ಯಾರೂ ದೂರು ಕೊಡಲಿಲ್ಲ. ಮುಖ್ಯ ಆರ್ಬಿಟರ್ (ತೀರ್ಪುಗಾರ) ಆಗಿದ್ದ ನಾನು ಮೊದಲಿನವರಿಗೆ ಒಂದು ಎಚ್ಚರಿಕೆ ಕೊಟ್ಟೆ, ಎರಡನೆಯವನಿಗೆ ದಂಡ ಹಾಕಿದೆ. ಈ ಎರಡು ನಿರ್ಧಾರಗಳ ಬಗ್ಗೆಯೂ ಆಯೋಜಕರ ಸಮಿತಿಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಜಿಲ್ಲಾ ಮಟ್ಟದ ಟೂರ್ನಿ ನಡೆಸುವವರಿಗೂ ಮಕ್ಕಳನ್ನು ಆಟಕ್ಕೆ ಕರೆತರುವ ತಂದೆ ತಾಯಿಗಳಿಗೂ ಉಪಯೋಗವಾದೀತು ಎಂದು ಪೂರ್ತಿ ವಿವರ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಹೆಸರುಗಳನ್ನು ಬಿಟ್ಟಿದ್ದೇನೆ.

ಸನ್ನಿವೇಶ

ಜನವರಿಯ ಭಾನುವಾರ. ಬಿ.ಎಂ. ರಸ್ತೆಯಿಂದ ತುಸು ಒಳಗಿರುವ ಕಲ್ಯಾಣ ಮಂಟಪ. ಊಟದ ಹಾಲಿನಲ್ಲಿ ಮೇಜುಗಳ ಸಾಲು, ಬಾಗಿಲ ಪಕ್ಕದ ಹಲಗೆಯ ಮೇಲೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ. ಸಕಲೇಶಪುರ, ಆಲೂರು ಕಡೆ ಕಾಫಿ ಕೊಯ್ಲು ನಡೆಯುತ್ತಿದ್ದುದರಿಂದ ತೋಟದ ಮನೆಗಳ ಮಕ್ಕಳು ಕಡಿಮೆ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದವರೇ ಹೆಚ್ಚು. ಸ್ವಿಸ್ ಪದ್ಧತಿಯ ಏಳು ಸುತ್ತು, ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಸೇರ್ಪಡೆ. ಸ್ವಿಸ್ ಪದ್ಧತಿಯಲ್ಲಿ ಸಮಾನ ಅಂಕ ಗಳಿಸಿದವರು ಎದುರುಬದುರಾಗುತ್ತಾರೆ, ವಯಸ್ಸನ್ನು ಯಾರೂ ನೋಡುವುದಿಲ್ಲ. ಹಾಗಾಗಿ ನಾಲ್ಕನೆಯ ಮೇಜಿನಲ್ಲಿ ಎಪ್ಪತ್ತರ ಹತ್ತಿರದ ಹಿರಿಯರೂ ಅರಸೀಕೆರೆಯಿಂದ ಬಂದಿದ್ದ ಹನ್ನೊಂದು ವರ್ಷದ ಹುಡುಗಿಯೂ ಕುಳಿತರು.

ಹಿರಿಯರು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ತೂಕದ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ನಮ್ಮ ಜಿಲ್ಲೆಯ ಟೂರ್ನಿಗಳಿಗೆ ಬರುವವರಿಗೆಲ್ಲ ಅವರ ಗುರುತಿದೆ. ತಲೆಗೂ ಕಿವಿಗೂ ಸುತ್ತಿದ ಉಣ್ಣೆಯ ಮಫ್ಲರ್ ಅನ್ನು ಮಧ್ಯಾಹ್ನದ ಬಿಸಿಲಿನಲ್ಲೂ ಬಿಚ್ಚುವುದಿಲ್ಲ. ಆಟ ಶುರುವಾಗುವ ಮೊದಲು ತಮ್ಮ ಹದಿನಾರು ಕಾಯಿಗಳನ್ನೂ ಒಂದೊಂದಾಗಿ ಮುಟ್ಟಿ ಮನೆಯ ನಟ್ಟನಡುವೆ ಇಡುತ್ತಾರೆ. ಎರಡು ಕುದುರೆಗಳ ಮೂತಿಯೂ ಎಡಕ್ಕೇ ಇರಬೇಕು. ಒಂದು ನಡೆ ನಡೆಸಿ ಗಡಿಯಾರ ಒತ್ತಿದ ಮೇಲೆ ಎದ್ದು ಹೋಗಿ ಹಾಲಿನ ಕಂಬದ ಪಕ್ಕ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಎದುರಾಳಿ ಗಡಿಯಾರ ಒತ್ತಿದ ಸದ್ದು ಕೇಳಿದರೆ ಮರಳಿ ಬರುತ್ತಾರೆ, ಕೆಲವು ಸಲ ಕೇಳದೆ ಅಲ್ಲೇ ನಿಂತಿರುತ್ತಾರೆ, ಅವರ ಸಮಯ ಓಡುತ್ತಿರುತ್ತದೆ. ಮಣೆಯ ಮುಂದೆ ಲೆಕ್ಕ ಹಾಕುವಾಗ ತುಟಿಯಲ್ಲೇ ಎಣಿಸುತ್ತಾರೆ: ಲಾಭ, ಎರಡು, ಮೂರು... ಧಾನ್ಯ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವ ರೂಢಿ ಅವರ ನಾಲಿಗೆಯಿಂದ ಹೋಗಿಲ್ಲ.

ಅವರ ಆರಂಭಿಕ ನಡೆಗಳನ್ನೂ ಹೇಳಬೇಕು, ಏಕೆಂದರೆ ಜನ ಅದನ್ನೂ ಹುಚ್ಚಾಟದ ಪಟ್ಟಿಗೆ ಸೇರಿಸುತ್ತಾರೆ. ಕಾಲಾಳುಗಳನ್ನು ಅವರು ಒಂದೇ ಮನೆ ಮುಂದಕ್ಕೆ ನಡೆಸುತ್ತಾರೆ, ಎರಡು ಮನೆ ದಾಟಿಸುವುದು ಅಪರೂಪ. ಬಾಲ್ಯದಲ್ಲಿ ಅವರು ಕಲಿತದ್ದು ದೇಸಿ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ರಾಜನಿಗೆ ಚೆಕ್ ಬೀಳುವ ಮೊದಲು ಒಮ್ಮೆ ಕುದುರೆಯಂತೆ ಹಾರಬಹುದು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ಇದೇ ಆಟದಿಂದ ಬಂದವರು. 1929ರಲ್ಲಿ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಜೊತೆಗೆ ಲಂಡನ್ನಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾ ಅವರನ್ನೇ ಸೋಲಿಸಿದರು. ಆರಂಭಿಕ ನಡೆಗಳ ಪುಸ್ತಕ ಓದದ, ಪೇಟ ಸುತ್ತಿದ, ಮುಖದಲ್ಲಿ ಯಾವ ಭಾವವನ್ನೂ ತೋರದ ಈ ಮನುಷ್ಯನನ್ನು ಅಲ್ಲಿನವರು ಒಂದು ಕೌತುಕದಂತೆ ನೋಡಿದರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಎಷ್ಟೋ ದಶಕಗಳಾದ ಮೇಲೆ. ಯಾರ ನಡೆ ವಿಚಿತ್ರ ಎಂಬುದನ್ನು ನೋಡುವವರ ಅಭ್ಯಾಸ ತೀರ್ಮಾನಿಸುತ್ತದೆ. ಹಾಸನದ ಕಲ್ಯಾಣ ಮಂಟಪದಲ್ಲೂ ಅಷ್ಟೇ.

ದೂರು

ಆಟ ಅರ್ಧ ದಾರಿಗೆ ಬಂದಾಗ ಹುಡುಗಿಯ ತಂದೆ ಬಾಗಿಲು ದಾಟಿ ನೇರವಾಗಿ ನನ್ನ ಮೇಜಿಗೆ ಬಂದರು. ಅವರ ದೂರಿನಲ್ಲಿ ಮೂರು ಅಂಶಗಳಿದ್ದವು. ಒಂದು, ಹಿರಿಯರು ಏನೋ ಮಂತ್ರ ಜಪಿಸಿ ಮಗುವಿನ ತಲೆ ಕೆಡಿಸುತ್ತಿದ್ದಾರೆ. ಎರಡು, ಮಫ್ಲರ್ ಒಳಗೆ ಇಯರ್‌ಫೋನ್ ಇರಬಹುದು. ಮೂರು, ಗೋಡೆಯ ಬಳಿ ನಿಂತಾಗ ಪಕ್ಕದ ಕಿಟಕಿಯಿಂದ ಯಾರೋ ಸನ್ನೆ ಮಾಡುತ್ತಿರಬಹುದು. "ಸರ್, ಅವರು ನೆಟ್ಟಗಿರುವ ಮನುಷ್ಯರಲ್ಲ. ನೋಡಿದರೇ ಗೊತ್ತಾಗುತ್ತದೆ. ಇಂಥವರನ್ನು ಮಕ್ಕಳ ಎದುರು ಕೂರಿಸುತ್ತೀರಲ್ಲ," ಎಂದರು. ಅವರ ದನಿ ಏರಿತ್ತು, ಅಕ್ಕಪಕ್ಕದ ನಾಲ್ಕು ಮೇಜುಗಳ ಆಟ ನಿಂತುಹೋಯಿತು.

ಆ ತಂದೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳಗಿನ ಜಾವ ಎದ್ದು ಮಗಳನ್ನು ಕರೆತಂದವರು. ಮೊಬೈಲಿನ ನೆರವಿನಿಂದ ಮೋಸ ಮಾಡಿ ಸಿಕ್ಕಿಬಿದ್ದವರ ಸುದ್ದಿಯನ್ನು ಅವರೂ ಓದಿರುತ್ತಾರೆ. ಮಗಳ ಎದುರಿಗಿರುವ ಅಪರಿಚಿತ ಮುದುಕರ ವರ್ತನೆ ಅರ್ಥವಾಗದಿದ್ದಾಗ ಭಯ ಹುಟ್ಟುವುದು ಸಹಜ. ಆದರೆ ಭಯವನ್ನು ದೂರು ಎಂದು ಬರೆದುಕೊಳ್ಳುವ ಮೊದಲು ಆರ್ಬಿಟರ್ ಅದನ್ನು ಬಿಡಿಸಿ ನೋಡಬೇಕಾಗುತ್ತದೆ. ನಡೆದದ್ದು ಎಷ್ಟು, ನಡೆಯಬಹುದೆಂದು ಊಹಿಸಿದ್ದು ಎಷ್ಟು?

ಕಳೆದ ಶತಮಾನದ ದೊಡ್ಡ ಆಟಗಾರ ನಿಮ್ಜೊವಿಚ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಒಂದು ಕಥೆ ಚೆಸ್ ಆಡುವವರಿಗೆಲ್ಲ ಗೊತ್ತು. ಎದುರಾಳಿ ಸಿಗಾರ್ ಹೊರತೆಗೆದು, ಹಚ್ಚದೆ, ಮೇಜಿನ ಮೇಲಿಟ್ಟುಕೊಂಡಾಗ ನಿಮ್ಜೊವಿಚ್ ಆರ್ಬಿಟರ್ ಬಳಿ ಓಡಿದರಂತೆ. ಅವನು ಸೇದುತ್ತಿಲ್ಲವಲ್ಲ ಎಂದು ಆರ್ಬಿಟರ್ ಕೇಳಿದರೆ, ಸೇದುತ್ತೇನೆಂದು ಬೆದರಿಸುತ್ತಿದ್ದಾನೆ, ಆಟದಲ್ಲಿ ದಾಳಿಗಿಂತ ದಾಳಿಯ ಬೆದರಿಕೆಯೇ ಬಲವಾದದ್ದು ಎಂದರಂತೆ. ಎದುರಾಳಿಯ ಹೆಸರು ಹೇಳುವವರಿಂದ ಹೇಳುವವರಿಗೆ ಬದಲಾಗುವುದರಿಂದ ಇದು ಕಟ್ಟುಕಥೆಯೇ ಇರಬೇಕು. ಆದರೂ ನಮ್ಮ ತಂದೆಯ ಎರಡನೆಯ, ಮೂರನೆಯ ಆರೋಪಗಳ ಸ್ವರೂಪ ಇದೇ ಆಗಿತ್ತು. ಇರಬಹುದು, ಮಾಡುತ್ತಿರಬಹುದು.

ವಿಚಾರಣೆ

ಗಡಿಯಾರ ನಿಲ್ಲಿಸಿದೆ. ಮೊದಲು ತಂದೆಯವರನ್ನು ಗೌರವದಿಂದಲೇ ಹಾಲಿನ ಹೊರಗೆ ಕಳಿಸಿದೆ. ನಿಯಮದ ಪ್ರಕಾರ ಪ್ರೇಕ್ಷಕರು ಆಟದಲ್ಲಿ ತಲೆ ಹಾಕುವಂತಿಲ್ಲ. ಏನಾದರೂ ಕಂಡರೆ ಆರ್ಬಿಟರ್‌ಗೆ ಮಾತ್ರ, ಸದ್ದಿಲ್ಲದೆ ತಿಳಿಸಬಹುದು. ಆಮೇಲೆ ಹಿರಿಯರನ್ನು ಪಕ್ಕದ ಕೋಣೆಗೆ ಕರೆದೆ. ಉಡುಪಿನ ತಪಾಸಣೆಗೆ ನಿಯಮದಲ್ಲಿ ಅವಕಾಶವಿದೆ, ಆದರೆ ಅದನ್ನು ಎಲ್ಲರೆದುರು ಮಾಡಬಾರದು. "ಯಜಮಾನರೇ, ಮಫ್ಲರ್ ಒಮ್ಮೆ ಬಿಚ್ಚಬೇಕಾಗುತ್ತದೆ," ಎಂದೆ. ತಕರಾರಿಲ್ಲದೆ ಬಿಚ್ಚಿದರು. ಎರಡೂ ಕಿವಿಯಲ್ಲಿ ಹತ್ತಿ ಇತ್ತು.

ಕಾಫಿ ಬೀಜದ ಸಿಪ್ಪೆ ತೆಗೆಯುವ ಯಂತ್ರಗಳ ಪಕ್ಕದಲ್ಲಿ ದಶಕಗಳ ಕಾಲ ಕೆಲಸ ಮಾಡಿದ್ದರಿಂದ ಅವರ ಕಿವಿಗೆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹಾಗೆಂದು ಸದ್ದೇ ಕೇಳಿಸುವುದಿಲ್ಲವೆಂದಲ್ಲ. ಕುರ್ಚಿ ಎಳೆದ ಸದ್ದು, ಡಿಜಿಟಲ್ ಗಡಿಯಾರದ ಬೀಪ್ ಸೂಜಿ ಚುಚ್ಚಿದಂತೆ ನೋಯಿಸುತ್ತವೆ. ಹತ್ತಿ, ಅದರ ಮೇಲೆ ಮಫ್ಲರ್, ಅದರಿಂದಾಗಿ ಕೆಲವು ಸಲ ಎದುರಾಳಿ ನಡೆ ನಡೆಸಿದ್ದೂ ತಿಳಿಯುವುದಿಲ್ಲ. ಮಾಜಿ ವಿಶ್ವ ಚಾಂಪಿಯನ್ ಪೆಟ್ರೋಸಿಯನ್ ಅವರಿಗೂ ಕಿವಿ ಮಂದವಾಗಿತ್ತು, ಶ್ರವಣಯಂತ್ರ ಧರಿಸುತ್ತಿದ್ದರು. 1971ರಲ್ಲಿ ಸ್ಪೇನಿನ ಸೆವಿಲ್ಲಾ ನಗರದಲ್ಲಿ ಜರ್ಮನಿಯ ಹ್ಯೂಬ್ನರ್ ವಿರುದ್ಧ ಆಡುವಾಗ ಬೀದಿಯ ಗದ್ದಲ ಹ್ಯೂಬ್ನರ್ ಅವರನ್ನು ಹಿಂಡಿಹಾಕಿತು; ಪೆಟ್ರೋಸಿಯನ್ ಯಂತ್ರವನ್ನು ಆರಿಸಿ ನೆಮ್ಮದಿಯಾಗಿ ಕುಳಿತರು. ಏಳನೆಯ ಆಟ ಸೋತ ಹ್ಯೂಬ್ನರ್ ಪಂದ್ಯವನ್ನೇ ಬಿಟ್ಟು ಹೊರಟರು. ತನ್ನ ಕಿವಿಯನ್ನು ತಾನು ಮುಚ್ಚಿಕೊಂಡವನ ಮೇಲೆ ಯಾವ ನಿಯಮವೂ ಕೈ ಮಾಡುವುದಿಲ್ಲ.

ಗೋಡೆಯ ವಿಷಯ ಕೇಳಿದೆ. ಅವರ ಉತ್ತರ ಇಲ್ಲಿ ಬರೆಯಲೇಬೇಕಾದದ್ದು. "ಸ್ವಾಮಿ, ತೂಕದ ಕಟ್ಟೆಯ ಮೇಲೆ ಕೂತವನಿಗೆ ಎದುರಿನವರ ಮುಖ ಓದುವುದು ರೂಢಿಯಾಗಿಬಿಡುತ್ತದೆ. ಈ ಮಗು ಯಾವ ಮನೆ ನೋಡುತ್ತಿದೆ ಎಂದು ಕಣ್ಣಿನಲ್ಲೇ ತಿಳಿಯುತ್ತದೆ. ಅದನ್ನು ನೋಡಿ ಗೆದ್ದರೆ ಆಟ ಗೆದ್ದ ಹಾಗಾಯಿತೇ? ಅದಕ್ಕೇ ಎದ್ದು ಹೋಗುತ್ತೇನೆ."

ಕಿಟಕಿಯ ಆಚೆ ಹೋಗಿ ನೋಡಿದೆ. ಅಲ್ಲಿ ಕಾಂಪೌಂಡಿನ ಗೋಡೆ ಮತ್ತು ನೀರಿನ ಟ್ಯಾಂಕ್, ಮನುಷ್ಯ ನಿಲ್ಲುವ ಜಾಗವೇ ಇಲ್ಲ. ಅವರು ನಿಲ್ಲುವ ಕಂಬ ಆಟದ ಆವರಣದ ಒಳಗೇ ಇದೆ. ತನ್ನ ನಡೆಯ ಸರದಿ ಇರುವಾಗ ಅನುಮತಿಯಿಲ್ಲದೆ ಆವರಣ ಬಿಡುವಂತಿಲ್ಲ ಎನ್ನುತ್ತದೆ ನಿಯಮ. ಕುರ್ಚಿಗೆ ಅಂಟಿಕೊಂಡೇ ಇರಬೇಕೆಂದು ಎಲ್ಲೂ ಹೇಳಿಲ್ಲ.

ಕೊನೆಗೆ ಹುಡುಗಿಯನ್ನು ಕೇಳಿದೆ. ತಂದೆಯಿಂದ ದೂರ, ಮಹಿಳಾ ಸ್ವಯಂಸೇವಕಿಯೊಬ್ಬರ ಎದುರಿಗೆ. ನಿನಗೆ ಏನಾದರೂ ತೊಂದರೆಯಾಯಿತೇ ಮಗು? ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ತಾತ ಎದ್ದು ಹೋದರೆ ನನಗೇನೂ ಆಗುವುದಿಲ್ಲ ಸರ್. ಅವರು ಎಣಿಸಿದರೆ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ."

ನಿರ್ಧಾರ

ಫಿಡೆ ನಿಯಮಾವಳಿಯ 11.5 ಎದುರಾಳಿಯ ಗಮನ ಕೆಡಿಸುವುದನ್ನೂ ಕಿರಿಕಿರಿ ಮಾಡುವುದನ್ನೂ ಯಾವ ರೂಪದಲ್ಲಿದ್ದರೂ ನಿಷೇಧಿಸುತ್ತದೆ. ಅಸಮಂಜಸ ದೂರುಗಳು, ಅಸಮಂಜಸ ಡ್ರಾ ಪ್ರಸ್ತಾಪಗಳು, ಆಟದ ಜಾಗದಲ್ಲಿ ಸದ್ದು ಎಬ್ಬಿಸುವುದು, ಇವನ್ನು ಹೆಸರಿಸಿಯೇ ಹೇಳುತ್ತದೆ. ಅದರಲ್ಲಿ ವಿಚಿತ್ರ ಎಂಬ ಪದವಿಲ್ಲ. ಹಿರಿಯರ ಮಫ್ಲರ್, ಕುದುರೆಗಳ ಮೂತಿ, ಗೋಡೆ ಇವೆಲ್ಲ ಅವರವು. ಆಟ ಶುರುವಾಗುವ ಮೊದಲು ತಮ್ಮ ಕಾಯಿಗಳನ್ನು ಜೋಡಿಸುವುದಕ್ಕೆ ಅಡ್ಡಿಯಿಲ್ಲ. ಆಟದ ನಡುವೆ ತಮ್ಮ ಸರದಿಯಲ್ಲಿ, ಸರಿಪಡಿಸುತ್ತೇನೆ ಎಂದು ಮೊದಲೇ ಹೇಳಿ ಮುಟ್ಟಬಹುದು, ಅವರು ಯಾವಾಗಲೂ ಹೇಳುತ್ತಾರೆ. ಎಣಿಕೆಯ ಸದ್ದು ಮಾತ್ರ ಹುಡುಗಿಯ ಕಿವಿಗೆ ಹೋಗಿ ಅವಳ ಆಟವನ್ನು ಮುಟ್ಟಿತ್ತು. ಆದ್ದರಿಂದ ಅದೊಂದಕ್ಕೆ ಎಚ್ಚರಿಕೆ ಕೊಟ್ಟೆ, ಉಳಿದ ಎರಡು ಆರೋಪಗಳನ್ನು ತಳ್ಳಿಹಾಕಿದೆ. ಯಾರ ಸಮಯವನ್ನೂ ಬದಲಿಸಲಿಲ್ಲ.

ಆಟ ಮುಂದುವರಿಯಿತು. ಹಿರಿಯರಿಗೆ ಒಂದು ಕಾಲಾಳು ಹೆಚ್ಚಿತ್ತು, ಎರಡೂ ಕಡೆ ಒಂದೊಂದು ಆನೆ (ರೂಕ್) ಉಳಿದಿತ್ತು. ಆನೆಯ ಅಂತ್ಯದಾಟವನ್ನು ಅವರು ಚೆನ್ನಾಗಿ ಬಲ್ಲರು. ಆದರೆ ತುಟಿ ಕದಲಿಸದೆ ಲೆಕ್ಕ ಹಾಕುವುದು ಅವರಿಂದ ಆಗಲಿಲ್ಲ. ಬೆರಳುಗಳನ್ನು ಮೊಣಕಾಲಿನ ಮೇಲೆ ಮಡಚುತ್ತಾ ಎಣಿಸಿದರು, ನಡುವೆ ತಪ್ಪಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು. ಐದು ಸೆಕೆಂಡಿನ ಸೇರ್ಪಡೆ ಅದಕ್ಕೆಲ್ಲ ಸಾಲುವಂಥದ್ದಲ್ಲ. ಮೇಲುಗೈ ಇರುವ ಸ್ಥಿತಿಯಲ್ಲೇ ಅವರ ಸಮಯ ಮುಗಿಯಿತು. ಹುಡುಗಿ ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ಅವರು ಫಲಿತಾಂಶದ ಚೀಟಿಗೆ ಸಹಿ ಹಾಕಿ, ಹುಡುಗಿಗೆ ಕೈ ಕುಲುಕಿ, ಆನೆಯನ್ನು ಹಿಂದಿನಿಂದ ತಂದಿದ್ದರೆ ನಿನಗೆ ಮೊದಲೇ ಡ್ರಾ ಸಿಗುತ್ತಿತ್ತು ನೋಡು ಎಂದು ಎರಡು ನಡೆ ಹಿಂದಿನ ಸ್ಥಿತಿಯನ್ನು ಮತ್ತೆ ಜೋಡಿಸಿ ತೋರಿಸಿದರು.

ನನ್ನ ಎಚ್ಚರಿಕೆ ಅವರಿಗೆ ಒಂದು ಅಂಕವನ್ನು ಕಳೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಅದು ಸರಿಯಾದ ನಿರ್ಧಾರವೇ. ಎಪ್ಪತ್ತು ವರ್ಷದವರ ಅಭ್ಯಾಸಕ್ಕೆ ಬೆಲೆ ಇರುವಂತೆಯೇ ಹನ್ನೊಂದು ವರ್ಷದವಳ ಏಕಾಗ್ರತೆಗೂ ಇದೆ.

ಎರಡನೆಯ ಮೇಜು

ಇದೇ ಹೊತ್ತಿನಲ್ಲಿ ಎರಡನೆಯ ಮೇಜಿನ ಸುತ್ತ ಜನ ಸೇರಿದ್ದರು. ಅಲ್ಲಿ ಆಡುತ್ತಿದ್ದವನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಳ್ಳೆಯ ಆಟಗಾರ, ನೋಡಲು ಲಕ್ಷಣವಾಗಿದ್ದಾನೆ, ಹುಡುಗರಿಗೆಲ್ಲ ಅವನೆಂದರೆ ಅಚ್ಚುಮೆಚ್ಚು. ಪ್ರತಿ ಸುತ್ತಿಗೂ ಕೆಲವು ನಿಮಿಷ ತಡವಾಗಿ ಬರುತ್ತಾನೆ, ಕುರ್ಚಿಯನ್ನು ಹಿಂದುಮುಂದು ತಿರುಗಿಸಿ ಕೂರುತ್ತಾನೆ, ಕಾಯಿಯನ್ನು ಮನೆಯೊಳಗೆ ತಿರುಪು ಹಾಕುವಂತೆ ತಿರುಚಿ ಇಡುತ್ತಾನೆ. ಆ ದಿನ ಅವನ ಎದುರಾಳಿ ಹೊಳೆನರಸೀಪುರದ ಬಟ್ಟೆ ಅಂಗಡಿಯವರು, ಮಿತಭಾಷಿ. ನಾನು ನೋಡನೋಡುತ್ತಿದ್ದಂತೆಯೇ ಹುಡುಗ ಎರಡು ಸಲ ಡ್ರಾ ಕೇಳಿದ್ದ, ಅದೂ ಎದುರಾಳಿ ಯೋಚಿಸುತ್ತಿರುವಾಗ. ಡ್ರಾ ಕೇಳಬೇಕಾದದ್ದು ತನ್ನ ನಡೆ ನಡೆಸಿದ ಮೇಲೆ, ಗಡಿಯಾರ ಒತ್ತುವ ಮೊದಲು. ಎದುರಾಳಿ ಒಲ್ಲೆ ಎಂದ ಮೇಲೆ ಎದ್ದು ಅವರ ಹೆಗಲ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದ. ನೋಡುತ್ತಿದ್ದವರು ನಗುತ್ತಿದ್ದರು.

ಬಟ್ಟೆ ಅಂಗಡಿಯವರು ದೂರು ಕೊಡಲಿಲ್ಲ. ಕೊಡುವವರಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ದೂರು ಬರಲಿ ಎಂದು ಕಾಯುವುದು ಆರ್ಬಿಟರ್ ಕೆಲಸವಲ್ಲ, ಕಣ್ಣೆದುರು ಕಂಡದ್ದಕ್ಕೆ ಅವನೇ ಮುಂದಾಗಬೇಕು. ಮೊದಲು ಎಚ್ಚರಿಕೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೂರನೆಯ ಸಲ ಡ್ರಾ ಕೇಳಿದ. ನಿಯಮ 12.9 ಆರ್ಬಿಟರ್ ಕೈಗೆ ಎಚ್ಚರಿಕೆಯಿಂದ ಹಿಡಿದು ಟೂರ್ನಿಯಿಂದ ಹೊರಹಾಕುವವರೆಗೆ ಹಲವು ಹಂತಗಳ ಶಿಕ್ಷೆಯನ್ನು ಕೊಟ್ಟಿದೆ. ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿದೆ. ಆಟ ಡ್ರಾ ಆಯಿತು.

ಅವನ ವಾದ, ನನ್ನ ಉತ್ತರ

ಸುತ್ತು ಮುಗಿದ ಮೇಲೆ ಹುಡುಗ ನನ್ನ ಬಳಿ ಬಂದ. ಸಿಟ್ಟಿತ್ತು, ಆದರೆ ಮಾತಿನಲ್ಲಿ ಮರ್ಯಾದೆ ತಪ್ಪಲಿಲ್ಲ. "ಸರ್, ಫಿಷರ್ ಏನೇನು ಮಾಡಿದರು? ತಾಲ್ ಏನು ಮಾಡಿದರು? ಕಾರ್ಲ್‌ಸನ್ ಮೇಜು ಗುದ್ದಲಿಲ್ಲವೇ? ಅವರನ್ನೆಲ್ಲ ಜನ ಪ್ರೀತಿಸುತ್ತಾರೆ. ಆ ತಾತನಿಗೆ ಬರೀ ಎಚ್ಚರಿಕೆ, ನನಗೆ ದಂಡ!"

ಈ ಪ್ರಶ್ನೆಗೆ ಸರಿಯಾದ ಉತ್ತರ ಸಲ್ಲಬೇಕು. ಚೆಸ್ ಲೋಕದ ವಿಲಕ್ಷಣ ವ್ಯಕ್ತಿಗಳ ಕಥೆಗಳನ್ನು ನಾವು ಒಂದೇ ಗೋಣಿಚೀಲಕ್ಕೆ ತುಂಬಿ ಮಕ್ಕಳಿಗೆ ಕೊಡುತ್ತೇವೆ. ಅದರಲ್ಲಿ ಅಭ್ಯಾಸವೂ ಇದೆ, ತಂತ್ರವೂ ಇದೆ, ಕಾಯಿಲೆಯೂ ಇದೆ. ಆರಿಸಿ ಬೇರೆ ಮಾಡುವವರಿಲ್ಲ.

ಫಿಷರ್ ವಿಷಯವನ್ನೇ ತೆಗೆದುಕೊಳ್ಳಿ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ, ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ, ಆಗಿನ ಚಾಂಪಿಯನ್ ಸ್ಪಾಸ್ಕಿ ವಿರುದ್ಧ ಅಮೆರಿಕದ ಫಿಷರ್ ಮೊದಲ ಆಟ ಸೋತರು. ಕ್ಯಾಮೆರಾಗಳು ತೊಂದರೆ ಕೊಡುತ್ತಿವೆ ಎಂದು ಎರಡನೆಯ ಆಟಕ್ಕೆ ಬರಲೇ ಇಲ್ಲ. ಆರ್ಬಿಟರ್ ಏನು ಮಾಡಿದರು? ಆ ಆಟವನ್ನು ಸ್ಪಾಸ್ಕಿಗೆ ಕೊಟ್ಟರು. ಜಗತ್ತಿನ ಕಣ್ಣೆಲ್ಲ ನೆಟ್ಟಿದ್ದ ಪಂದ್ಯದಲ್ಲೂ ಮುಲಾಜು ನೋಡಲಿಲ್ಲ. ಮೂರನೆಯ ಆಟ ಪ್ರೇಕ್ಷಕರಿಂದ ದೂರದ ಹಿಂಬದಿಯ ಕೋಣೆಯಲ್ಲಿ ನಡೆಯಲು ಸ್ಪಾಸ್ಕಿ ಒಪ್ಪಿದ್ದರಿಂದ ಪಂದ್ಯ ಉಳಿಯಿತು. ಆರನೆಯ ಆಟದಲ್ಲಿ ಸೋತ ಮೇಲೆ ಸ್ಪಾಸ್ಕಿ ಎದ್ದು ನಿಂತು ಫಿಷರ್‌ಗೆ ಚಪ್ಪಾಳೆ ತಟ್ಟಿದರು. ಕೊನೆಗೆ 12½–8½ರಿಂದ ಫಿಷರ್ ಗೆದ್ದರು, ಸಲ್ಲದ ಬೇಡಿಕೆಗಳಿಂದ ಗೆದ್ದರು ಎಂದು ಹುಡುಗರು ಭಾವಿಸಿದ್ದಾರೆ. ಎದುರಾಳಿಯ ಔದಾರ್ಯವನ್ನು ಯಾರೂ ನೆನೆಯುವುದಿಲ್ಲ. 1975ರಲ್ಲಿ ಅದೇ ಹಠ ಅವರಿಂದ ಪಟ್ಟವನ್ನೇ ಕಸಿಯಿತು: ಬೇಡಿಕೆಗಳನ್ನು ಫಿಡೆ ಪೂರ್ತಿ ಒಪ್ಪಲಿಲ್ಲ, ಫಿಷರ್ ಆಡಲಿಲ್ಲ, ಕಾರ್ಪೊವ್ ಒಂದೂ ನಡೆ ಇಲ್ಲದೆ ಚಾಂಪಿಯನ್ ಆದರು.

ತಾಲ್ ಬಗ್ಗೆ ಹೇಳುವುದಾದರೆ, ಅವರ ನೋಟವನ್ನು ತಾಳಲಾರದೆ 1959ರ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ (ವಿಶ್ವ ಚಾಂಪಿಯನ್ನರ ಎದುರಾಳಿಯನ್ನು ಆರಿಸುವ ಟೂರ್ನಿ) ಎದುರಾಳಿ ಬೆಂಕೊ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ತಾಲ್ ಇನ್ನೂ ದೊಡ್ಡ ಕನ್ನಡಕ ತೊಟ್ಟರು, ಇಡೀ ಸಭಾಂಗಣ ನಕ್ಕಿತು. ಅಲ್ಲಿ ಇಬ್ಬರೂ ಸರಿಸಮಾನರು, ಇಬ್ಬರೂ ಆ ವಿನೋದದಲ್ಲಿ ಪಾಲುಗೊಂಡಿದ್ದರು. ಬಟ್ಟೆ ಅಂಗಡಿಯವರು ನಿನ್ನ ಆಟದಲ್ಲಿ ಪಾಲುಗೊಂಡಿದ್ದರೇ ಎಂದು ಹುಡುಗನನ್ನು ಕೇಳಿದೆ. ಉತ್ತರ ಕೊಡಲಿಲ್ಲ.

ಕಾರ್ಲ್‌ಸನ್ 2025ರ ಜೂನ್‌ನಲ್ಲಿ ನಾರ್ವೆಯಲ್ಲಿ ನಮ್ಮ ಗುಕೇಶ್‌ಗೆ ಸೋತು ಮೇಜು ಗುದ್ದಿದ್ದು ನಿಜ, ಕಾಯಿಗಳು ಎಗರಿದ್ದೂ ನಿಜ. ಅದು ಆಟ ಮುಗಿದ ಕ್ಷಣದಲ್ಲಿ, ಎದುರಾಳಿಯನ್ನು ಕೆಡಿಸಲೆಂದಲ್ಲ. ಕೂಡಲೇ ಕ್ಷಮೆಯನ್ನೂ ಕೇಳಿದರು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ವಿಶ್ವ ರ‍್ಯಾಪಿಡ್ ಟೂರ್ನಿಗೆ ಜೀನ್ಸ್ ತೊಟ್ಟು ಬಂದಾಗ 200 ಡಾಲರ್ ದಂಡ ಬಿತ್ತು, ಬಟ್ಟೆ ಬದಲಿಸಲು ಒಪ್ಪದೆ ರ‍್ಯಾಪಿಡ್‌ನಿಂದ ಹೊರಬಂದರು. ಜೀನ್ಸ್ ಯಾರ ಲೆಕ್ಕವನ್ನೂ ತಪ್ಪಿಸುವುದಿಲ್ಲ, ಹಾಗಾಗಿ ಆ ನಿಯಮ ನನಗೆ ಅತಿಯಾಯಿತು ಎನಿಸುತ್ತದೆ. ಆದರೂ ಅಷ್ಟು ದೊಡ್ಡ ಆಟಗಾರನಿಗೂ ದಂಡ ಬಿತ್ತು.

ತಂತ್ರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1978ರಲ್ಲಿ ಫಿಲಿಪೀನ್ಸಿನ ಬಾಗಿಯೊದಲ್ಲಿ ಚಾಂಪಿಯನ್ ಕಾರ್ಪೊವ್‌ಗೂ ಸವಾಲುಗಾರ ಕೋರ್ಚ್‌ನೊಯ್‌ಗೂ ನಡೆದ ವಿಶ್ವ ಪಟ್ಟದ ಪಂದ್ಯವಿದೆ; ಮೊದಲು ಆರು ಆಟ ಗೆದ್ದವರಿಗೆ ಪಟ್ಟ. ಕಾರ್ಪೊವ್ ಕಡೆಯಿಂದ ಜುಖಾರ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇಕ್ಷಕರ ನಡುವೆ ಕುಳಿತು ಕೋರ್ಚ್‌ನೊಯ್ ಅವರನ್ನು ದಿಟ್ಟಿಸುತ್ತಿದ್ದರು. ಕೋರ್ಚ್‌ನೊಯ್ ಕನ್ನಡಿ ಹೊಳಪಿನ ಕನ್ನಡಕ ಹಾಕಿಕೊಂಡರು, ಆನಂದಮಾರ್ಗ ಪಂಥದ ಇಬ್ಬರನ್ನು ತಮ್ಮ ಕಡೆಗೆ ಕರೆಸಿಕೊಂಡರು. ಆಟದ ನಡುವೆ ಕಾರ್ಪೊವ್‌ಗೆ ಬಂದ ಮೊಸರಿನ ಬಟ್ಟಲು ಕೂಡ ಗುಪ್ತ ಸಂದೇಶವಿರಬಹುದು ಎಂದು ದೂರಾಯಿತು. 32 ಆಟ, 21 ಡ್ರಾ, ಕಾರ್ಪೊವ್‌ಗೆ 6 ಗೆಲುವು, ಕೋರ್ಚ್‌ನೊಯ್‌ಗೆ 5. 5–2ರಿಂದ ಹಿಂದಿದ್ದ ಕೋರ್ಚ್‌ನೊಯ್ 5–5ಕ್ಕೆ ಬಂದು ಕೊನೆಯ ಆಟದಲ್ಲಿ ಸೋತರು. ಚೆಸ್ ಇತಿಹಾಸದ ಅತ್ಯಂತ ಕೆಚ್ಚಿನ ಮರುಹೋರಾಟಗಳಲ್ಲಿ ಒಂದು ಅದು. ಜನ ನೆನಪಿಟ್ಟದ್ದು ಮೊಸರನ್ನು. ಮಂತ್ರದ ದೂರು ತಂದ ಅರಸೀಕೆರೆಯ ತಂದೆಗೂ ಈ ಕಥೆಯನ್ನು ಆಮೇಲೆ ಹೇಳಿದೆ. ಅನುಮಾನ ಒಮ್ಮೆ ಒಳಗೆ ಬಂದರೆ ಆಟ ಹೊರಗೆ ಹೋಗುತ್ತದೆ.

ಇನ್ನು ಕಾಯಿಲೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಸ್ಟೈನಿಟ್ಸ್ ದೇವರಿಗೇ ಒಂದು ಕಾಲಾಳು ಬಿಟ್ಟುಕೊಟ್ಟು ಆಡಿದರಂತೆ ಎಂಬ ಜೋಕು ತರಬೇತಿ ಶಿಬಿರಗಳಲ್ಲಿ ಚಲಾವಣೆಯಲ್ಲಿದೆ. ಅದಕ್ಕೆ ನಂಬಲರ್ಹ ಆಧಾರವಿಲ್ಲ. ಆಧಾರವಿರುವುದು ಇಷ್ಟಕ್ಕೆ: ಮನಸ್ಸು ಕದಡಿ, ಬಡತನದಲ್ಲಿ, 1900ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಇದರಲ್ಲಿ ನಗುವಂಥದ್ದು ಏನಿದೆ?

ಪೋಲೆಂಡಿನ ಆಟಗಾರ ರೂಬಿನ್‌ಸ್ಟೈನ್ ಕಥೆಯಂತೂ ನಮ್ಮ ಪ್ರಕರಣಕ್ಕೆ ತೀರ ಹತ್ತಿರದ್ದು. 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಟೂರ್ನಿಗಳನ್ನು ಗೆದ್ದವರು. ವಿಶ್ವ ಚಾಂಪಿಯನ್ ಲಾಸ್ಕರ್ ವಿರುದ್ಧ ನಡೆಯಬೇಕಿದ್ದ ಪಂದ್ಯ ಮಹಾಯುದ್ಧದಿಂದಾಗಿ ನಡೆಯಲಿಲ್ಲ. ಆನೆಯ ಅಂತ್ಯದಾಟದಲ್ಲಿ ಇವತ್ತಿಗೂ ಅವರ ಆಟಗಳೇ ಪಾಠ. ಜನರ ನಡುವೆ ಇರುವುದೇ ಅವರಿಗೆ ಕ್ರಮೇಣ ಹಿಂಸೆಯಾಯಿತು. ತನ್ನ ನಡೆ ಮುಗಿಸಿ ಮಣೆಯಿಂದ ದೂರ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದರು; ತಾನು ಎದುರಿಗಿದ್ದರೆ ಎದುರಾಳಿಗೆ ತೊಂದರೆ ಎಂಬ ಭಾವನೆ. 1930ರ ದಶಕದ ಆರಂಭದಲ್ಲೇ ಸ್ಪರ್ಧೆ ಬಿಟ್ಟರು, 1961ರವರೆಗೆ ಬದುಕಿದರು. ಅವರು ಮೂಲೆಯಲ್ಲಿ ನಿಂತದ್ದು ಯಾರ ಆಟವನ್ನೂ ಕೆಡಿಸಲಿಲ್ಲ, ಆದರೂ ಅವರ ಹೆಸರು ಹುಚ್ಚರ ಪಟ್ಟಿಯಲ್ಲೇ ಉಳಿಯಿತು.

ಇವತ್ತು ಉಕ್ರೇನಿನ ಗ್ರ್ಯಾಂಡ್‌ಮಾಸ್ಟರ್ ಇವಾನ್‌ಚುಕ್ ಇದ್ದಾರೆ. ಆಡುವಾಗ ಮಣೆಯನ್ನು ಬಿಟ್ಟು ಚಾವಣಿ ನೋಡುತ್ತಾರೆ. 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ ಐದು ಆಟಗಳನ್ನು ಸಮಯ ಮೀರಿ ಕಳೆದುಕೊಂಡರು. ಅದೇ ಟೂರ್ನಿಯಲ್ಲಿ ಕಾರ್ಲ್‌ಸನ್ ಮತ್ತು ಕ್ರಾಮ್ನಿಕ್ ಇಬ್ಬರನ್ನೂ ಸೋಲಿಸಿದರು. 2016ರಲ್ಲಿ ದೋಹಾದಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದಾಗ ಪದಕ ಪ್ರದಾನ ಸಮಾರಂಭದ ಹೊತ್ತಿನಲ್ಲೂ ಡ್ರಾಫ್ಟ್ಸ್ (ಚೆಕರ್ಸ್) ಎಂಬ ಇನ್ನೊಂದು ಮಣೆಯಾಟ ಆಡುತ್ತಾ ಮುಳುಗಿಹೋಗಿದ್ದರು. ಅವರನ್ನು ಚೆಸ್ ಲೋಕ ಎದೆಗೆ ಅಪ್ಪಿಕೊಂಡಿದೆ, ಎದುರಾಳಿಗಳೂ ಪ್ರೀತಿಸುತ್ತಾರೆ. ಕಾರಣ ಸರಳ. ಆ ಮನುಷ್ಯನ ವಿಚಿತ್ರಗಳೆಲ್ಲ ಅವರ ಕಡೆಗೇ ತಿರುಗಿವೆ, ನಷ್ಟವಾದರೂ ಅವರಿಗೇ ಆಗುತ್ತದೆ.

ಹುಡುಗ ಇದನ್ನೆಲ್ಲ ನಿಂತು ಕೇಳಿದ. ಒಪ್ಪಿದನೆಂದು ಹೇಳಲಾರೆ. "ಜನ ಟೂರ್ನಿಗೆ ಬರುವುದೇ ನಮ್ಮಂಥವರನ್ನು ನೋಡಲು ಸರ್," ಎಂದು ಹೇಳಿ ಆರನೆಯ ಸುತ್ತಿಗೆ ಹೋದ. ಆ ಸುತ್ತಿಗೆ ಸಮಯಕ್ಕೆ ಸರಿಯಾಗಿ ಬಂದ, ಡ್ರಾ ಕೇಳಲಿಲ್ಲ, ಗೆದ್ದ.

ಆಮೇಲೆ

ಸಮಿತಿಯ ಸಭೆಯಲ್ಲಿ ಎರಡೂ ನಿರ್ಧಾರಗಳು ಚರ್ಚೆಗೆ ಬಂದವು. ಕೆಲವು ಬದಲಾವಣೆಗಳು ಸುಲಭವಾಗಿ ಒಪ್ಪಿಗೆಯಾದವು. ಪೋಷಕರಿಗೆ ಹಾಲಿನ ಹೊರಗೇ ಆಸನ, ದೂರುಗಳನ್ನು ತೆಗೆದುಕೊಳ್ಳಲು ಬಾಗಿಲಲ್ಲಿ ಒಬ್ಬ ಸ್ವಯಂಸೇವಕ. ಡಿಜಿಟಲ್ ಗಡಿಯಾರಗಳ ಬೀಪ್ ಸದ್ದನ್ನು ಆರಿಸಿಯೇ ಮೇಜಿಗೆ ಇಡುವುದು. ಡ್ರಾ ಕೇಳುವ ಕ್ರಮವನ್ನು ಮೊದಲ ಸುತ್ತಿಗೆ ಮುನ್ನ ಮೈಕಿನಲ್ಲಿ ವಿವರಿಸುವುದು. ನೋಂದಣಿ ಅರ್ಜಿಯಲ್ಲಿ, ಕಿವಿ, ಕಣ್ಣು, ಆರೋಗ್ಯದ ಕಾರಣಕ್ಕೆ ಏನಾದರೂ ಅನುಕೂಲ ಬೇಕೇ ಎಂಬ ಒಂದು ಸಾಲು. ಹಿರಿಯರಿಗೆ ಮುಂದಿನ ಟೂರ್ನಿಯಲ್ಲಿ ಗೋಡೆಯ ಪಕ್ಕದ ಮೇಜು ಕೊಡಲು ತೀರ್ಮಾನಿಸಿದೆವು. ಅವರ ಅಂಕ ಎಷ್ಟಿದ್ದರೂ ಎದುರಾಳಿಯೇ ಆ ಮೇಜಿಗೆ ಬರಬೇಕು. ನಮ್ಮ ಮಟ್ಟದ ಟೂರ್ನಿಯಲ್ಲಿ ಇದು ಕಷ್ಟವೇನಲ್ಲ. ಕಂಬದವರೆಗೆ ನಡೆದು ಬರುವ ಸಮಯವಾದರೂ ಉಳಿಯುತ್ತದೆ. ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಎಣಿಸುವುದನ್ನು ಅಭ್ಯಾಸ ಮಾಡುತ್ತಿರುವುದಾಗಿ ಅವರು ಫೋನಿನಲ್ಲಿ ತಿಳಿಸಿದರು.

ವಿದ್ಯಾರ್ಥಿಗೆ ಹಾಕಿದ ದಂಡವನ್ನು ಸಮಿತಿಯ ಕೆಲವರು ಇನ್ನೂ ಒಪ್ಪಿಲ್ಲ. ದೂರೇ ಇಲ್ಲದಿರುವಾಗ ಆರ್ಬಿಟರ್ ಏಕೆ ಕೈ ಹಾಕಬೇಕು ಎಂಬುದು ಅವರ ಪ್ರಶ್ನೆ. ಮೌನವಾಗಿ ಕುಳಿತವರ ಪರವಾಗಿ ನೋಡಲು ಹಾಲಿನಲ್ಲಿ ಇರುವವನು ಆರ್ಬಿಟರ್ ಒಬ್ಬನೇ ಎಂದು ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿದ್ದೇನೆ.

ಇನ್ನೊಂದು ಪ್ರಸ್ತಾಪ ಬಾಕಿ ಇದೆ. ಅರವತ್ತು ದಾಟಿದವರಿಗೆಲ್ಲ ಪ್ರತ್ಯೇಕ ವಿಭಾಗ ಮಾಡಿ, ಮಕ್ಕಳ ಎದುರು ಅವರನ್ನು ಕೂರಿಸದಿರುವುದು. ಹಿರಿಯರ ಹೆಸರು ಹೇಳದಿದ್ದರೂ ಅದು ಯಾರನ್ನು ಹೊರಗಿಡಲು ಬಂದದ್ದೆಂದು ಎಲ್ಲರಿಗೂ ಗೊತ್ತು. ಅರಸೀಕೆರೆಯ ಹುಡುಗಿಗೆ ಆನೆಯ ಅಂತ್ಯದಾಟದ ಪಾಠವನ್ನು ಆ ದಿನ ಬೇರೆ ಯಾರೂ ಹೇಳಿಕೊಡಲಿಲ್ಲ ಎಂದು ಸಭೆಗೆ ನೆನಪಿಸಿದೆ. ಮುಂದಿನ ಸಭೆಯಲ್ಲೂ ಆ ಪ್ರಸ್ತಾಪ ಬರುತ್ತದೆ. ಭಿತ್ತಿಪತ್ರದಲ್ಲಿ ಮುಕ್ತ ಟೂರ್ನಿ ಎಂದು ಅಚ್ಚು ಹಾಕಿಸುತ್ತಿರುವಷ್ಟು ಕಾಲ ನಾನು ಅದಕ್ಕೆ ಸಹಿ ಹಾಕುವುದಿಲ್ಲ.